ಸೇಬು ಕಚ್ಚಿದ ಸದ್ದೂ ಸಂಗೀತವಾದಾಗ

1970ರ ದಶಕದ ಇಟಲಿ. ವೇದಿಕೆಯ ಮುಂದೆ ಕಾಲೇಜು ಹುಡುಗ ಹುಡುಗಿಯರ ದೊಡ್ಡ ಗುಂಪು. ಡ್ರಮ್ಸ್, ಗಿಟಾರು, ಪಿಯಾನೊಗಳ ಅಬ್ಬರ ಒಮ್ಮೆಲೇ ನಿಲ್ಲುತ್ತದೆ. ಗಾಯಕ ಒಂದು ಸೇಬು ತೆಗೆದು ಮೈಕಿನ ಹತ್ತಿರ ಹಿಡಿದು ಕಚ್ಚುತ್ತಾನೆ. ಕರಕ್ ಎಂಬ ಸದ್ದು ಧ್ವನಿವರ್ಧಕಗಳಿಂದ ಹೊರಟು ಇಡೀ ಬಯಲಿಗೆ ಕೇಳುತ್ತದೆ. ಆತ ಜಗಿಯುತ್ತಾನೆ, ನುಂಗುತ್ತಾನೆ. ಜನ ನಗುತ್ತಾರೆ, ಆಮೇಲೆ ನಗು ನಿಲ್ಲಿಸಿ ಕಿವಿಗೊಡುತ್ತಾರೆ. ಬಾಯಿಯಿಂದ ಹೊರಡುವ ಸದ್ದಿನಲ್ಲಿ ಯಾವುದು ಸಂಗೀತ, ಯಾವುದು ಬರೀ ಸದ್ದು ಎಂಬ ಪ್ರಶ್ನೆ ಪಾಠ ಹೇಳದೆಯೇ ಅವರ ಮುಂದೆ ಬಂದು ನಿಂತಿರುತ್ತದೆ.

ಆ ಗಾಯಕನ ಹೆಸರು ದೆಮೆತ್ರಿಯೋ ಸ್ಟ್ರಾಟೋಸ್. ತಂಡದ ಹೆಸರು ‘ಆರೆಯಾ’. ನಾವು ದಿನವೂ ಆಡುವ ‘ಏರಿಯಾ’ ಎಂಬ ಪದವೇ ಇದು; ಇಟಲಿಯವರ ಬಾಯಲ್ಲಿ ಹಾಗೆ ಉಚ್ಚಾರವಾಗುತ್ತದೆ. ಈ ತಂಡ 1975ರಲ್ಲಿ ಹೊರತಂದ ‘ಆರೆಯಾತ್ಸಿಯೋನೆ’ ಎಂಬ ಮುದ್ರಿಕೆ ಸ್ಟುಡಿಯೋದಲ್ಲಿ ತಯಾರಾದದ್ದಲ್ಲ. ಜನರ ಎದುರು ನುಡಿಸಿದ್ದನ್ನೇ ಹಿಡಿದಿಟ್ಟ ಮುದ್ರಿಕೆ ಅದು. ಹೆಸರಿನಲ್ಲಿಯೇ ಒಂದು ಚಮತ್ಕಾರ ಉಂಟು. ‘ಆತ್ಸಿಯೋನೆ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕ್ರಿಯೆ, ‘ರೆಯಾತ್ಸಿಯೋನೆ’ ಎಂದರೆ ಪ್ರತಿಕ್ರಿಯೆ. ತಂಡದ ಹೆಸರು, ಕ್ರಿಯೆ, ಪ್ರತಿಕ್ರಿಯೆ ಮೂರೂ ಒಂದೇ ಪದದಲ್ಲಿ ಸೇರಿಕೊಂಡಿವೆ.

ಇದು ನಡೆದು ಅರ್ಧ ಶತಮಾನವಾಗಿದೆ. ಆ ಗಾಯಕ 34ನೆಯ ವಯಸ್ಸಿಗೇ ತೀರಿಕೊಂಡ. ಆದರೂ ಆ ತಂಡವನ್ನು, ಆ ಕಂಠವನ್ನು ಸಂಗೀತದ ವಿದ್ಯಾರ್ಥಿಗಳು ಇಂದಿಗೂ ಮತ್ತೆ ಮತ್ತೆ ಕೇಳುತ್ತಾರೆ. ‘ಆ ಗದ್ದಲ ಸ್ವಲ್ಪ ಕಡಿಮೆ ಮಾಡಪ್ಪ’ ಎಂದು ಮಕ್ಕಳ ಕೋಣೆಯ ಬಾಗಿಲು ತಟ್ಟುವ ತಂದೆ ತಾಯಂದಿರಿಗೂ ಇದರಲ್ಲಿ ತಿಳಿಯುವಂಥದ್ದು ಇದೆ. ಗದ್ದಲದಂತೆ ಕೇಳುವ ಈ ಸಂಗೀತದ ಹಿಂದೆ ಇದ್ದದ್ದು ಗಣಿತದಂಥ ಲೆಕ್ಕ ಮತ್ತು ಪ್ರಯೋಗಶಾಲೆಯಂಥ ಅಧ್ಯಯನ.

ವಾಸ್ತುಶಿಲ್ಪ ಓದಲು ಬಂದವ

ಸ್ಟ್ರಾಟೋಸ್ ಹುಟ್ಟಿದ್ದು ಇಟಲಿಯಲ್ಲಿ ಅಲ್ಲ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, 1945ರ ಏಪ್ರಿಲ್ 22ರಂದು. ತಂದೆ ತಾಯಿ ಗ್ರೀಕರು. ಅಲೆಕ್ಸಾಂಡ್ರಿಯಾ ಬಂದರು ನಗರ. ಗ್ರೀಕ್, ಅರಬ್ಬಿ, ಫ್ರೆಂಚ್, ಇಟಾಲಿಯನ್ ಎಲ್ಲವೂ ಅಲ್ಲಿನ ಬೀದಿಗಳಲ್ಲಿ ಕೇಳಿಬರುತ್ತಿದ್ದವು. ಚಿಕ್ಕಂದಿನಲ್ಲಿ ಅಲ್ಲಿಯೇ ಪಿಯಾನೊ ಮತ್ತು ಅಕಾರ್ಡಿಯನ್ ಕಲಿತ. ಮುಂದೆ ಮನೆಯವರು ಆತನನ್ನು ಸೈಪ್ರಸ್ಸಿಗೆ ಕಳುಹಿಸಿದರು. 1962ರಲ್ಲಿ ವಾಸ್ತುಶಿಲ್ಪ ಓದಲೆಂದು ಇಟಲಿಯ ಮಿಲಾನ್ ನಗರಕ್ಕೆ ಬಂದು ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಸೇರಿದ.

ಓದಿನ ಜೊತೆಗೆ ವಿದ್ಯಾರ್ಥಿಗಳದೇ ಒಂದು ವಾದ್ಯವೃಂದ. ಅದರಲ್ಲಿ ಆತ ಕೀಬೋರ್ಡ್ ನುಡಿಸುತ್ತಿದ್ದ. ಒಂದು ದಿನ ಗಾಯಕ ಬರಲಾಗದೆ ಹೋದಾಗ ಆತನೇ ಹಾಡಬೇಕಾಯಿತು. ಅಲ್ಲಿಂದ ಬದುಕಿನ ದಾರಿಯೇ ತಿರುಗಿತು. ‘ಇ ರಿಬೆಲ್ಲಿ’ ಎಂಬ ಜನಪ್ರಿಯ ತಂಡಕ್ಕೆ ಸೇರಿ, 1967ರಲ್ಲಿ ‘ಪೂಞಿ ಕ್ಯೂಸಿ’ ಎಂಬ ಹಾಡಿನಿಂದ ಇಟಲಿಯ ಮನೆಮನೆಗೂ ಪರಿಚಿತನಾದ. ‘ಬಿಗಿದ ಮುಷ್ಟಿ’ ಎಂಬುದು ಆ ಹೆಸರಿನ ಅರ್ಥ. ಅದೇ ಬಗೆಯ ಹಾಡುಗಳನ್ನು ಹಾಡುತ್ತಾ ಹೋಗಿದ್ದರೆ ಹಣಕ್ಕೂ ಹೆಸರಿಗೂ ಕೊರತೆಯಿರಲಿಲ್ಲ. ಆತನಿಗೆ ಅದು ಸಾಕೆನಿಸಲಿಲ್ಲ.

1972ರಲ್ಲಿ ಡ್ರಮ್ಸ್ ವಾದಕ ಜೂಲಿಯೋ ಕಪಿಯೋತ್ಸೊ ಜೊತೆ ಸೇರಿ ಕಟ್ಟಿದ್ದು ‘ಆರೆಯಾ’. ಕೀಬೋರ್ಡಿಗೆ ಶಾಸ್ತ್ರೀಯ ಶಿಕ್ಷಣ ಪಡೆದ ಪತ್ರೀತ್ಸಿಯೋ ಫರಿಸೆಲ್ಲಿ ಬಂದ. ಗಿಟಾರ್ ಮತ್ತು ಸಿಂಥಸೈಜರಿಗೆ ಪಾವ್ಲೊ ತೊಫಾನಿ. ಬಾಸ್ ಗಿಟಾರ್ ನುಡಿಸುತ್ತಿದ್ದ ಪತ್ರಿಕ್ ಜಿವಾಸ್ ಮೊದಲ ಮುದ್ರಿಕೆಯ ನಂತರ ಪಿ.ಎಫ್.ಎಂ. ಎಂಬ ಇನ್ನೊಂದು ಪ್ರಸಿದ್ಧ ತಂಡಕ್ಕೆ ಹೋದಾಗ, ಆ ಜಾಗಕ್ಕೆ ಆರೆಸ್ ತವೊಲಾತ್ಸಿ ಬಂದ. 1975ರ ಮುದ್ರಿಕೆಯಲ್ಲಿ ಕೇಳುವುದು ಈ ಐವರನ್ನೇ.

ಇವರ ಬೆನ್ನಿಗೆ ನಿಂತವನು ಜಾನ್ನಿ ಸಸ್ಸಿ. ಜಾಹೀರಾತು ಮತ್ತು ಚಿತ್ರವಿನ್ಯಾಸದ ಲೋಕದಿಂದ ಬಂದ ಈತ ‘ಕ್ರ್ಯಾಂಪ್ಸ್’ ಎಂಬ ಮುದ್ರಿಕಾ ಸಂಸ್ಥೆ ತೆರೆದ. ತಂಡದ ಅನೇಕ ಹಾಡುಗಳನ್ನು ‘ಫ್ರಾಂಕೆನ್‌ಸ್ಟೈನ್’ ಎಂಬ ಗುಪ್ತನಾಮದಲ್ಲಿ ಬರೆದವನೂ ಈತನೇ. 1973ರಲ್ಲಿ ಬಂದ ಮೊದಲ ಮುದ್ರಿಕೆಗೆ ನಾಜಿ ಸೆರೆಶಿಬಿರಗಳ ಹೆಬ್ಬಾಗಿಲ ಮೇಲಿದ್ದ ‘ದುಡಿಮೆಯೇ ಬಿಡುಗಡೆ’ ಎಂಬರ್ಥದ ಜರ್ಮನ್ ಘೋಷಣೆಯನ್ನೇ ಹೆಸರಾಗಿ ಇಟ್ಟರು. ಆ ಕ್ರೂರ ಸುಳ್ಳನ್ನು ಕೇಳುಗ ಮರೆಯಬಾರದು ಎಂಬುದು ಅದರ ಹಿಂದಿನ ವ್ಯಂಗ್ಯ. ಅದು ಇಟಲಿಯಲ್ಲಿ ಮುಷ್ಕರ, ವಿದ್ಯಾರ್ಥಿ ಚಳವಳಿ, ಬಾಂಬು ಸ್ಫೋಟಗಳ ಕಾಲ. ತಂಡದ ಒಲವು ಎಡಪಂಥದ ಕಡೆಗಿತ್ತು. ಅವರು ಹೆಚ್ಚಾಗಿ ನುಡಿಸುತ್ತಿದ್ದುದು ಯುವಜನರ ಬಯಲು ಮೇಳಗಳಲ್ಲಿ, ವಿಶ್ವವಿದ್ಯಾಲಯಗಳ ಅಂಗಳಗಳಲ್ಲಿ.

ಮಿಶ್ರ ಛಾಪಿನ ದೂರದ ನೆಂಟರು

ಈ ತಂಡದ ಸಂಗೀತವನ್ನು ಜಾಝ್-ರಾಕ್ ಎನ್ನುತ್ತಾರೆ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಜಾಝ್‌ನಲ್ಲಿ ಮನೋಧರ್ಮಕ್ಕೆ ಹೆಚ್ಚಿನ ಜಾಗ. ಒಂದು ಧಾಟಿಯನ್ನು ಎತ್ತಿಕೊಂಡು ವಾದಕ ಆ ಕ್ಷಣಕ್ಕೆ ಹೊಳೆದಂತೆ ಬೆಳೆಸುತ್ತಾನೆ. ರಾಕ್‌ನಲ್ಲಿ ವಿದ್ಯುತ್ ಗಿಟಾರಿನ ಬಿರುಸು, ಡ್ರಮ್ಸಿನ ಬಲವಾದ ಪೆಟ್ಟು. ಎರಡನ್ನೂ ಬೆರೆಸಿದವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಬಹಳ ಮಂದಿ. ‘ಆರೆಯಾ’ ಇದಕ್ಕೆ ಮೂರನೆಯ ಒಂದನ್ನು ಸೇರಿಸಿತು. ಅದು ಗ್ರೀಸ್, ಮ್ಯಾಸಿಡೋನಿಯಾ, ಬಲ್ಗೇರಿಯಾ, ಅರಬ್ ನಾಡುಗಳ ಜನಪದ ಸಂಗೀತ.

ಇಲ್ಲಿ ಕನ್ನಡದ ಕಿವಿಗೆ ಒಂದು ಅನುಕೂಲವಿದೆ. ಪಾಶ್ಚಾತ್ಯ ಜನಪ್ರಿಯ ಹಾಡುಗಳು ಬಹುಪಾಲು ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಬಾಲ್ಕನ್ ನಾಡುಗಳ ಕುಣಿತದ ಹಾಡುಗಳಲ್ಲಿ ಐದು, ಏಳು, ಹನ್ನೊಂದರ ಎಣಿಕೆ ಮಾಮೂಲು. ಗ್ರೀಸಿನ ‘ಕಲಮತಿಯಾನೋಸ್’ ಎಂಬ ಕುಣಿತ ಏಳರ ಎಣಿಕೆಯದು: ಮೂರು, ಎರಡು, ಎರಡು. ಕರ್ನಾಟಕ ಸಂಗೀತ ಕಲಿತವರು ಇದನ್ನು ಕೇಳಿದ ಕೂಡಲೇ ‘ಅರೆ, ಮಿಶ್ರ ಛಾಪು’ ಎನ್ನುತ್ತಾರೆ. ಎರಡು ಮತ್ತು ಮೂರು ಸೇರಿದ ಐದರ ಕುಣಿತ ನಮ್ಮ ಖಂಡ ಛಾಪಿಗೆ ಹತ್ತಿರ. ಲಂಡನ್ನಿನ ಕೇಳುಗನಿಗೆ ಕಾಲು ತಪ್ಪಿದಂತೆ ಅನಿಸುವ ಈ ನಡೆ, ಮೈಸೂರಿನ ಕಛೇರಿಯಲ್ಲಿ ತೊಡೆ ತಟ್ಟಿ ತಾಳ ಹಾಕುವವರಿಗೆ ಸಹಜ. ನೆಂಟಸ್ತನವನ್ನು ಅತಿಯಾಗಿ ಹೇಳಬೇಕಿಲ್ಲ. ಆದರೆ ಈ ಸಂಗೀತದೊಳಕ್ಕೆ ಹೋಗಲು ನಮಗೆ ಒಂದು ಹಿತ್ತಿಲ ಬಾಗಿಲು ಇದೆ ಎಂಬುದಂತೂ ನಿಜ.

1975ರ ಮುದ್ರಿಕೆಯಲ್ಲಿ ಇರುವುದು ಐದೇ ಭಾಗಗಳು. ಮೊದಲನೆಯದು ‘ಜುಲೈ, ಆಗಸ್ಟ್, ಸೆಪ್ಟೆಂಬರ್ (ಕಪ್ಪು)’ ಎಂಬ ಅರ್ಥದ ಹೆಸರಿನದು. ಬಾಲ್ಕನ್ ಧಾಟಿಯ ಒಂದು ಸುತ್ತು ಮಿಂಚಿನಂತೆ ಓಡುತ್ತದೆ. ಐವರೂ ಒಂದೇ ಉಸಿರಿನಲ್ಲಿ ನುಡಿಸುತ್ತಾರೆ. ಎರಡನೆಯದು ಸೇಬಿನ ಹಾಡು, ‘ಒಡೆಸ್ಸಾದ ಸೇಬು’. 1920ರಲ್ಲಿ ಹಡಗೊಂದನ್ನು ವಶಪಡಿಸಿಕೊಂಡು ರಷ್ಯಾಕ್ಕೆ ಒಯ್ದ ಕಥೆಯೊಂದು ಅದರಲ್ಲಿದೆ. ಇಟಾಲಿಯನ್ನಿನ ‘ಮೇಲಾ’ ಎಂಬ ಸೇಬು ಅಲ್ಲಿ ಕಥೆಯೂ ಹೌದು, ವಾದ್ಯವೂ ಹೌದು. ಮೂರನೆಯದು ‘ಕೆಂಪು ಧೂಮಕೇತು’. ಇಲ್ಲಿ ಸ್ಟ್ರಾಟೋಸ್ ತನ್ನ ತಾಯಿನುಡಿ ಗ್ರೀಕಿನಲ್ಲಿ ಹಾಡುತ್ತಾನೆ. ಕೊನೆಯದು ಜಗತ್ತಿನ ಕಾರ್ಮಿಕ ಚಳವಳಿಗಳಲ್ಲಿ ಪ್ರಸಿದ್ಧವಾದ ‘ಇಂಟರ್‌ನ್ಯಾಷನಲ್’ ಗೀತೆಯ ಧಾಟಿ. ಅದನ್ನು ಮೆರವಣಿಗೆಯ ಗಾಂಭೀರ್ಯದಲ್ಲಿ ಅಲ್ಲ, ಗಿಟಾರಿನ ಬಿರುಸಿನಲ್ಲಿ ನುಡಿಸಿದ್ದಾರೆ.

ಬಾಕಿ ಉಳಿದ ನಾಲ್ಕನೆಯದು ಮುದ್ರಿಕೆಯ ಹೆಸರನ್ನೇ ಹೊತ್ತ ಭಾಗ. ಹದಿನೈದು ನಿಮಿಷದಷ್ಟು ದೀರ್ಘ. ಅದು ಬರೆದಿಟ್ಟ ರಚನೆಯಲ್ಲ, ವೇದಿಕೆಯ ಮೇಲೆ ಆ ಹೊತ್ತಿಗೆ ಹುಟ್ಟಿದ್ದು. ಒಬ್ಬ ಒಂದು ಸದ್ದು ಮಾಡಿದರೆ ಇನ್ನೊಬ್ಬ ಅದಕ್ಕೆ ಉತ್ತರ ಕೊಡುತ್ತಾನೆ. ಇಲ್ಲಿ ಕಂಠ ಹಾಡುವುದಿಲ್ಲ. ಕೊಳಲಾಗುತ್ತದೆ, ಶಿಳ್ಳೆಯಾಗುತ್ತದೆ, ಉಸಿರಾಗುತ್ತದೆ. ಕೇಳುಗ ತಾಳ್ಮೆ ಕಳೆದುಕೊಳ್ಳುವುದೂ ಈ ಭಾಗದಲ್ಲಿಯೇ, ಎರಡು ಮೂರು ಬಾರಿ ಕೇಳಿದವರು ಮೆಚ್ಚುವುದೂ ಈ ಭಾಗವನ್ನೇ.

ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಬಹುದು. ತಪ್ಪಿದ್ದನ್ನು ಅಳಿಸಿ ಮತ್ತೆ ನುಡಿಸಬಹುದು, ಟೇಪನ್ನು ಕತ್ತರಿಸಿ ಅಂಟಿಸಬಹುದು. ಜನರ ಮುಂದೆ ಆ ಸೌಕರ್ಯವಿಲ್ಲ. ಹನ್ನೊಂದರ ಎಣಿಕೆಯಲ್ಲಿ ಒಬ್ಬ ಅರ್ಧ ಮಾತ್ರೆ ತಪ್ಪಿದರೂ ಐವರೂ ಮುಗ್ಗರಿಸುತ್ತಾರೆ. ಈ ಮುದ್ರಿಕೆಯಲ್ಲಿ ಅವರು ಮುಗ್ಗರಿಸುವುದಿಲ್ಲ. ಎಲ್ಲರೂ ತಮ್ಮಿಷ್ಟದಂತೆ ಬಡಿಯುತ್ತಿದ್ದಾರೆ ಎಂದು ತೋರುವ ಕಡೆಯಲ್ಲಿ, ಇದ್ದಕ್ಕಿದ್ದಂತೆ ಐವರೂ ಒಂದೇ ಸಮಕ್ಕೆ ಬಂದು ಕೂಡುತ್ತಾರೆ. ತನಿ ಆವರ್ತನದ ಕೊನೆಯ ಮುಕ್ತಾಯಕ್ಕೆ ಕಾದು ಕುಳಿತ ಸಭೆಗೆ ಆಗುವ ರೋಮಾಂಚನ ಎಂಥದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಕೇಳುಗನೂ ತಂತಿಯಾದ

ಈ ತಂಡಕ್ಕೆ ಸಭೆಯನ್ನು ಸುಮ್ಮನೆ ಕೂರಿಸುವುದು ಇಷ್ಟವಿರಲಿಲ್ಲ. 1976ರಲ್ಲಿ ಮಿಲಾನಿನ ಲಂಬ್ರೊ ಉದ್ಯಾನದಲ್ಲಿ ನಡೆದ ಯುವಜನರ ಮೇಳದಲ್ಲಿ ತೊಫಾನಿಯ ಸಿಂಥಸೈಜರಿಗೆ ಜೋಡಿಸಿದ ತಂತಿಗಳನ್ನು ಜನರ ನಡುವೆ ಇಳಿಬಿಟ್ಟರು. ಜನ ತಂತಿ ಮುಟ್ಟಿ, ಒಬ್ಬರ ಕೈ ಒಬ್ಬರು ಹಿಡಿದಂತೆಲ್ಲ ವಾದ್ಯದ ಸದ್ದು ಬದಲಾಗುತ್ತಿತ್ತು. ಮನುಷ್ಯನ ಚರ್ಮ ಅತ್ಯಲ್ಪ ವಿದ್ಯುತ್ತನ್ನು ಸಾಗಿಸುತ್ತದೆ ಎಂಬ ಶಾಲಾ ಪಾಠವೇ ಅಲ್ಲಿ ಸಂಗೀತವಾಯಿತು.

ಅದೇ ವರ್ಷ ಮಿಲಾನ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪ್ರಯೋಗ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಸ್ಟೀವ್ ಲೇಸಿ, ಇಂಗ್ಲೆಂಡಿನ ಡ್ರಮ್ಸ್ ವಾದಕ ಪಾಲ್ ಲಿಟನ್ ಜೊತೆಗೂಡಿದ್ದರು. ಚೀಟಿಗಳ ಮೇಲೆ ಮೌನ, ವ್ಯಂಗ್ಯ, ಹಿಂಸೆ ಮುಂತಾದ ಒಂದೊಂದು ಪದ ಬರೆದು ವಾದಕರಿಗೆ ಕೊಟ್ಟರು. ಯಾರ ಕೈಗೆ ಯಾವ ಪದ ಬಂತೋ ಅವರು ಅದನ್ನೇ ಕೆಲವು ನಿಮಿಷ ನುಡಿಸಬೇಕು, ಆಮೇಲೆ ಚೀಟಿ ಬದಲಿಸಬೇಕು. ಒಬ್ಬನಿಗೆ ಮೌನ, ಪಕ್ಕದವನಿಗೆ ಹಿಂಸೆ! ಈ ಕಛೇರಿಯೂ ‘ಇವೆಂಟ್ 76’ ಎಂಬ ಹೆಸರಿನಲ್ಲಿ ಮುಂದೆ ಮುದ್ರಿಕೆಯಾಗಿ ಬಂತು.

ತೊಟ್ಟಿಲ ಬಳಿ ಕಲಿತ ಪಾಠ

ಈ ಹೊತ್ತಿಗೆ ಸ್ಟ್ರಾಟೋಸನ ಮನಸ್ಸು ಇನ್ನೂ ಆಳವಾದ ಒಂದು ವಿಷಯಕ್ಕೆ ಇಳಿದಿತ್ತು. ಅದಕ್ಕೆ ಕಾರಣ ಆತನ ಪುಟ್ಟ ಮಗಳು. ಮಾತು ಬರುವ ಮುನ್ನ ಮಗು ಗಂಟಲು, ನಾಲಿಗೆ, ತುಟಿಗಳಿಂದ ಬಗೆಬಗೆಯ ಸದ್ದು ಹೊರಡಿಸಿ ಆಡುವುದನ್ನು ಆತ ಗಮನಿಸಿದ. ಅದು ಆಟ, ಆದರೆ ಪ್ರಯೋಗವೂ ಹೌದು. ಮಗು ‘ಅಮ್ಮ’, ‘ಅಪ್ಪ’ ಎಂದು ಮಾತು ಕಲಿಯುತ್ತಿದ್ದಂತೆ ಆ ಸದ್ದುಗಳು ಒಂದೊಂದಾಗಿ ಕಾಣೆಯಾದವು. ಮಾತು ಬರುವುದರ ಜೊತೆಗೆ ಧ್ವನಿಯ ಒಂದು ದೊಡ್ಡ ಸಂಪತ್ತು ಕೈತಪ್ಪಿ ಹೋಗುತ್ತದೆಯೇ? ಹೋದದ್ದನ್ನು ದೊಡ್ಡವರಾದ ಮೇಲೆ ಸಾಧನೆಯಿಂದ ಮರಳಿ ಪಡೆಯಬಹುದೇ? ಇದು ಆತನ ಮುಂದಿನ ಬದುಕಿನ ಪ್ರಶ್ನೆಯಾಯಿತು.

ಭಾಷಾವಿಜ್ಞಾನ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಕೆಲವೇ ತಿಂಗಳ ಕೂಸು ಜಗತ್ತಿನ ಬೇರೆ ಬೇರೆ ಭಾಷೆಗಳ ಧ್ವನಿಭೇದಗಳನ್ನು ಗುರುತಿಸಬಲ್ಲದು. ಒಂದು ವರ್ಷ ತುಂಬುವ ಹೊತ್ತಿಗೆ ಅದರ ಕಿವಿ ಮನೆಮಾತಿನ ಧ್ವನಿಗಳ ಕಡೆಗೆ ತಿರುಗುತ್ತದೆ, ಉಳಿದವು ಮಸುಕಾಗುತ್ತವೆ. ಕನ್ನಡದ ಮನೆಯ ಮಗುವಿಗೆ ‘ಲ’ ಮತ್ತು ‘ಳ’ಗಳ ವ್ಯತ್ಯಾಸ ಗಟ್ಟಿಯಾಗುತ್ತದೆ. ಈ ವ್ಯತ್ಯಾಸವಿಲ್ಲದ ಭಾಷೆಯವರು ದೊಡ್ಡವರಾದ ಮೇಲೆ ಕನ್ನಡ ಕಲಿಯ ಹೊರಟರೆ ಆ ‘ಳ’ಕ್ಕಾಗಿ ಪಡುವ ಪಾಡು ನಮಗೆಲ್ಲ ಗೊತ್ತು.

ಸ್ಟ್ರಾಟೋಸ್ ಏಷ್ಯಾದ ಗಾಯನ ಪದ್ಧತಿಗಳನ್ನು ಅಭ್ಯಾಸ ಮಾಡಿದ. ಮಂಗೋಲಿಯಾದಲ್ಲಿ ಒಬ್ಬನೇ ಗಾಯಕ ಒಂದೇ ಸಲಕ್ಕೆ ಎರಡು ಸ್ವರ ಹೊರಡಿಸುವ ಪದ್ಧತಿ ಇದೆ. ಕೆಳಗೆ ಶ್ರುತಿಯಂತೆ ಒಂದು ಸ್ವರ ನಿಂತಿರುತ್ತದೆ, ಮೇಲೆ ಶಿಳ್ಳೆಯಂಥ ಇನ್ನೊಂದು ಆಡುತ್ತದೆ. ಆತ ಅದನ್ನು ಸಾಧಿಸಿ ಅಲ್ಲಿಂದ ಮುಂದಕ್ಕೂ ಹೋದ. ಅಷ್ಟಕ್ಕೇ ನಿಲ್ಲದೆ, ತನ್ನ ಗಂಟಲನ್ನು ವಿಜ್ಞಾನಿಗಳ ಪರೀಕ್ಷೆಗೆ ಒಡ್ಡಿದ. ಪಾದುವಾ ನಗರದ ಧ್ವನಿವಿಜ್ಞಾನ ಕೇಂದ್ರದಲ್ಲಿ ಫ್ರಾಂಕೊ ಫೆರೆರೊ ಎಂಬ ವಿಜ್ಞಾನಿ ಆತನ ಧ್ವನಿಯನ್ನು ಯಂತ್ರಗಳಿಂದ ಅಳೆದು ನೋಡಿದ.

ಆ ಅಳತೆಯ ಬೆಲೆ ತಿಳಿಯಲು ಸ್ವಲ್ಪ ಲೆಕ್ಕ ಬೇಕು. ನಾವು ಮಾತನಾಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಗಂಡಸರ ಮಾತಿನ ಧ್ವನಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್ ಆಸುಪಾಸು. ಪಾಶ್ಚಾತ್ಯ ಸಂಗೀತ ನಾಟಕಗಳಲ್ಲಿ ಅತಿ ತಾರಕ್ಕೆ ಹೋಗುವ ಗಾಯಕಿಯರ ಪ್ರಸಿದ್ಧ ಮೇಲಿನ ಸ್ವರ ಸುಮಾರು 1,050 ಹರ್ಟ್ಸ್. ಫೆರೆರೊ ದಾಖಲಿಸಿದ ಒಂದು ಪ್ರಯೋಗದಲ್ಲಿ ಸ್ಟ್ರಾಟೋಸನ ಬಾಯಿಂದ ಏಕಕಾಲಕ್ಕೆ ಎರಡು ಶಿಳ್ಳೆಯಂಥ ಸ್ವರಗಳು ಬಂದವು. ಒಂದು 6,000 ಹರ್ಟ್ಸ್‌ನಿಂದ ಕೆಳಗೆ ಇಳಿಯುತ್ತಿತ್ತು, ಇನ್ನೊಂದು 3,000 ಹರ್ಟ್ಸ್‌ನಿಂದ ಮೇಲೆ ಏರುತ್ತಿತ್ತು. ಒಂದೇ ಬಾಯಿ, ಎರಡು ದಿಕ್ಕು!

ಈ ಸಾಧನೆಯನ್ನು ಆತ ‘ಮೆತ್ರೊದೋರಾ’ (1976) ಮತ್ತು ‘ಧ್ವನಿಯನ್ನು ಹಾಡುವುದು’ (1978) ಎಂಬ ಅರ್ಥದ ಹೆಸರಿನ ತನ್ನದೇ ಮುದ್ರಿಕೆಗಳಲ್ಲಿ ಇಟ್ಟಿದ್ದಾನೆ. ಅಲ್ಲಿ ವಾದ್ಯವಿಲ್ಲ, ಪದವೂ ಬಹಳವಿಲ್ಲ. ಅಮೆರಿಕದ ಜಾನ್ ಕೇಜ್, ವಾದ್ಯವನ್ನೇ ಮುಟ್ಟದೆ ನಾಲ್ಕೂವರೆ ನಿಮಿಷ ಮೌನವಾಗಿರುವ ಕೃತಿಯನ್ನು 1952ರಲ್ಲಿ ಸಭೆಯ ಮುಂದಿಟ್ಟ ಸಂಗೀತಕಾರ. ಆತನ ‘ಮೆಸೊಸ್ಟಿಕ್ಸ್’ ಎಂಬ ಕಷ್ಟದ ಕೃತಿಯನ್ನೂ ಸ್ಟ್ರಾಟೋಸ್ ಹಾಡಿ ಮುದ್ರಿಸಿದ. ಕೆಲವು ವರ್ಷ ಮೊದಲು ಸಿನಿಮಾ ಹಾಡಿನಂತೆ ಜನರ ನಾಲಿಗೆಯ ಮೇಲೆ ನಲಿದಿದ್ದ ಗಾಯಕ ಇಂಥ ಕಡೆಗೆ ಬಂದು ನಿಂತಿದ್ದ.

ಒಂದು ದಿನ ತಡ

1979ರ ಆರಂಭದಲ್ಲಿ ಸ್ಟ್ರಾಟೋಸ್ ತನ್ನ ಧ್ವನಿಸಂಶೋಧನೆಗೇ ಸಮಯ ಕೊಡಬೇಕೆಂದು ‘ಆರೆಯಾ’ದಿಂದ ಹೊರಬಂದಿದ್ದ. ಅದೇ ವಸಂತದಲ್ಲಿ ಕಾಯಿಲೆ ಕಾಣಿಸಿಕೊಂಡಿತು. ಪರೀಕ್ಷೆ ಮಾಡಿದ ವೈದ್ಯರು ಅಪ್ಲಾಸ್ಟಿಕ್ ಅನೀಮಿಯಾ ಎಂದರು. ಎಲುಬಿನ ಒಳಗಿನ ಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನು ನಿಲ್ಲಿಸುವ ರೋಗ ಅದು. ಕೆಂಪುಕಣ ಕಡಿಮೆಯಾಗಿ ನಿಶ್ಶಕ್ತಿ, ಬಿಳಿಕಣ ಕಡಿಮೆಯಾಗಿ ಸೋಂಕು, ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿ ರಕ್ತಸ್ರಾವ. ಮಿಲಾನಿನ ಆಸ್ಪತ್ರೆಯಿಂದ ಆತನನ್ನು ನ್ಯೂಯಾರ್ಕಿಗೆ ಒಯ್ದರು. ಬೇರೊಬ್ಬರ ಮಜ್ಜೆ ಹಾಕುವ ಚಿಕಿತ್ಸೆ ಆಗ ಇನ್ನೂ ಹೊಸದು, ಖರ್ಚೂ ವಿಪರೀತ.

ಗೆಳೆಯರು ಸುಮ್ಮನೆ ಕೂರಲಿಲ್ಲ. ಚಿಕಿತ್ಸೆಯ ಹಣಕ್ಕಾಗಿ ದೊಡ್ಡ ಕಛೇರಿಯೊಂದನ್ನು ಏರ್ಪಡಿಸಿದರು. ಜಾಗ ಮಿಲಾನಿನ ಅರೆನಾ ಕ್ರೀಡಾಂಗಣ, ನೆಪೋಲಿಯನ್ನನ ಕಾಲದಲ್ಲಿ, 1807ರಲ್ಲಿ ತೆರೆದದ್ದು. ದಿನ ಜೂನ್ 14. ಇಟಲಿಯ ಸಂಗೀತಲೋಕದ ನೂರಕ್ಕೂ ಹೆಚ್ಚು ಜನ ಹಾಡಲು, ನುಡಿಸಲು ಒಪ್ಪಿದರು. ಹಳ್ಳಿಯಲ್ಲಿ ಒಬ್ಬರ ಮನೆಗೆ ಕಷ್ಟ ಬಂದಾಗ ಊರೇ ನಾಟಕವಾಡಿ ಹಣ ಕೂಡಿಸಿಕೊಟ್ಟಂತೆ.

ಜೂನ್ 13ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಸ್ಟ್ರಾಟೋಸ್ ತೀರಿಕೊಂಡ.

ಕಛೇರಿಯನ್ನು ರದ್ದು ಮಾಡಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಮಾಡಲಿಲ್ಲ. ಮರುದಿನ ಸುಮಾರು 60,000 ಜನ ಅರೆನಾದಲ್ಲಿ ಸೇರಿದರು. ಬದುಕಿಸಲೆಂದು ಏರ್ಪಡಿಸಿದ್ದು ಬೀಳ್ಕೊಡುಗೆಯಾಯಿತು. ಫ್ರಾಂಚೆಸ್ಕೊ ಗುಚ್ಚೀನಿ, ರೊಬೆರ್ತೊ ವೆಕ್ಕಿಯೋನಿ, ಅಂತೊನೆಲ್ಲೊ ವೆಂದಿತ್ತಿ, ಎವುಜೇನಿಯೊ ಫಿನಾರ್ದಿ ಮೊದಲಾದ ಹೆಸರಾಂತ ಗಾಯಕರು ಹಾಡಿದರು. ಪಿ.ಎಫ್.ಎಂ. ಮತ್ತು ಬ್ಯಾಂಕೊ ತಂಡಗಳು ನುಡಿಸಿದವು. ‘ಆರೆಯಾ’ದ ಸಂಗಡಿಗರೂ ವೇದಿಕೆಗೆ ಬಂದರು. ಆ ದಿನವೂ ಮುದ್ರಣಗೊಂಡು ‘1979: ಕಛೇರಿ’ ಎಂಬ ಅರ್ಥದ ಹೆಸರಿನಲ್ಲಿ ಮುದ್ರಿಕೆಯಾಯಿತು. ಯಾರಿಗಾಗಿ ಕಛೇರಿಯೋ ಅವನ ಕಂಠವೇ ಇಲ್ಲದ ಕಛೇರಿ ಅದು.

ಮರುವರ್ಷ ಪಿ.ಎಫ್.ಎಂ. ತಂಡ ‘ಧ್ವನಿಯ ಗುರು’ ಎಂಬ ಅರ್ಥದ ಹಾಡನ್ನು ಆತನ ನೆನಪಿಗೆ ಅರ್ಪಿಸಿತು. ‘ಆರೆಯಾ’ದ ಮೊದಲ ದಿನಗಳ ಪತ್ರಿಕ್ ಜಿವಾಸ್ ಆ ತಂಡದಲ್ಲಿಯೇ ಇದ್ದ.

ಖಾಲಿ ಮೈಕಿನ ಮುಂದೆ

ಇಂಥ ಗಾಯಕನನ್ನು ಕಳೆದುಕೊಂಡ ತಂಡ ಮುಂದೇನು ಮಾಡಬೇಕು? ಆತನಂತೆಯೇ ಹಾಡುವ ಒಬ್ಬನನ್ನು ಹುಡುಕಿ ತಂದು ನಿಲ್ಲಿಸುವುದು ಲೋಕರೂಢಿ. ‘ಆರೆಯಾ’ 1980ರಲ್ಲಿ ತಂದ ‘ಟಿಕ್ ಅಂಡ್ ಟ್ಯಾಕ್’ ಮುದ್ರಿಕೆಯಲ್ಲಿ ವಾದ್ಯಗಳಷ್ಟೇ ಇದ್ದವು. ಆಮೇಲೆ ಸಂಗಡಿಗರು ಚದುರಿದರು. 1997ರಲ್ಲಿ ಫರಿಸೆಲ್ಲಿ ಮತ್ತು ಕಪಿಯೋತ್ಸೊ ಹೊಸಬರೊಂದಿಗೆ ಅದೇ ಹೆಸರಿನಲ್ಲಿ ಇನ್ನೊಂದು ಮುದ್ರಿಕೆ ತಂದರು. 2000ದ ಆಗಸ್ಟಿನಲ್ಲಿ ಕಪಿಯೋತ್ಸೊ ಕೂಡ ತೀರಿಕೊಂಡ. ತಂಡ ಕಟ್ಟಿದ ಇಬ್ಬರೂ ಈಗ ಇಲ್ಲವಾದರು.

ಉಳಿದವರಲ್ಲಿ ತೊಫಾನಿಯ ಕಥೆ ನಮಗೆ ಕುತೂಹಲದ್ದು. ಸ್ಟ್ರಾಟೋಸ್ ಇನ್ನೂ ತಂಡದಲ್ಲಿರುವಾಗಲೇ ಹೊರಬಂದಿದ್ದ ಈ ಗಿಟಾರ್ ವಾದಕ ಮುಂದೆ ಹರೇ ಕೃಷ್ಣ ಪಂಥ ಸೇರಿ ‘ಕೃಷ್ಣ ಪ್ರೇಮ ದಾಸ’ನಾದ. ಸಂಗೀತವನ್ನು ಮಾತ್ರ ಬಿಡಲಿಲ್ಲ. ‘ತ್ರಿಕಂಠ ವೀಣೆ’ ಎಂಬ ತಂತಿವಾದ್ಯವನ್ನು ತಾನೇ ರೂಪಿಸಿದ. ಅದು ಮೈಸೂರಿನ ವೀಣೆಯ ತದ್ರೂಪಲ್ಲ. ಗಿಟಾರಿನ ಜನ್ಮದಿಂದ ಬಂದು ವೀಣೆಯ ಹೆಸರು ಪಡೆದ ವಾದ್ಯ ಎನ್ನಬಹುದು.

ಸ್ಟ್ರಾಟೋಸ್ ಹೋಗಿ ಮೂವತ್ತು ವರ್ಷ ದಾಟಿದ ಮೇಲೆ ಫರಿಸೆಲ್ಲಿ, ತವೊಲಾತ್ಸಿ, ತೊಫಾನಿ ಮೂವರೂ ಮತ್ತೆ ಒಂದೇ ವೇದಿಕೆಗೆ ಬಂದರು. ಡ್ರಮ್ಸಿಗೆ ವಾಲ್ಟರ್ ಪಾವ್ಲಿ ಎಂಬಾತ ಸೇರಿದ. ಆ ಕಛೇರಿಗಳಿಂದ ಬಂದದ್ದು ‘ಲೈವ್ 2012’ ಎಂಬ ಜೋಡಿ ಮುದ್ರಿಕೆ. ಇಲ್ಲಿಯೂ ತಂಡ ಸ್ಟ್ರಾಟೋಸನ ಜಾಗಕ್ಕೆ ಖಾಯಂ ಗಾಯಕನನ್ನು ತರಲಿಲ್ಲ. ಹಳೆಯ ಧಾಟಿಗಳು ಮತ್ತೆ ಬರುತ್ತವೆ, ಅದೇ ಎಡವಟ್ಟು ಎಣಿಕೆಗಳು ಬರುತ್ತವೆ. 1975ರ ಬಿಸಿಯನ್ನು ಮರಳಿ ತರುವ ಹಟ ಅಲ್ಲಿಲ್ಲ. ತಲೆ ನರೆತವರು ತಮ್ಮ ಹಳೆಯ ಹಾಡುಗಳನ್ನು ಇಂದಿನ ತಮ್ಮ ಕೈಗಳಿಂದ ನುಡಿಸುತ್ತಾರೆ. 1975ರ ಮುದ್ರಿಕೆಯ ಪಕ್ಕದಲ್ಲಿಟ್ಟು ಕೇಳಿದರೆ ಕಂಠ ಇರಬೇಕಾದ ಕಡೆ ಅದು ಇಲ್ಲವೆಂಬುದು ಕಿವಿಗೆ ತಾಕುತ್ತದೆ. ಆ ಜಾಗವನ್ನು ನಕಲಿನಿಂದ ತುಂಬದೆ ಬಿಟ್ಟದ್ದೇ ಅವರು ಗೆಳೆಯನಿಗೆ ಸಲ್ಲಿಸಿದ ಗೌರವ.

ಹೇಗೆ ಕೇಳುವುದು?

ಹೊಸದಾಗಿ ಕೇಳುವ ವಿದ್ಯಾರ್ಥಿಗಳು 1975ರ ಮುದ್ರಿಕೆಯ ಮೊದಲ ಭಾಗದಿಂದಲೇ ಶುರುಮಾಡುವುದು ಒಳ್ಳೆಯದು. ಬೆರಳು ಮಡಿಸಿ ಎಣಿಕೆ ಹಿಡಿಯಲು ನೋಡಬಹುದು. ಮೊದಲ ಸಲ ತಪ್ಪುತ್ತದೆ, ಮೂರನೆಯ ಸಲಕ್ಕೆ ಸಿಕ್ಕೀತು. ಮೃದಂಗವೋ ಕೊನ್ನಕೋಲೋ ಕಲಿಯುವ ಗೆಳೆಯರಿದ್ದರೆ ಜೊತೆಗೆ ಕೂರಿಸಿಕೊಂಡರೆ ಇನ್ನೂ ಸುಲಭ. ಹದಿನೈದು ನಿಮಿಷದ ನಾಲ್ಕನೆಯ ಭಾಗವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅದನ್ನು ಯಾರೂ ಬರೆದಿರಲಿಲ್ಲ. ಆ ಐವರಿಗೂ ಅದನ್ನು ಮತ್ತೊಮ್ಮೆ ಹಾಗೆಯೇ ನುಡಿಸುವುದು ಸಾಧ್ಯವಿರಲಿಲ್ಲ. ಮುದ್ರಿಸಿದ್ದರಿಂದ ಮಾತ್ರ ಉಳಿದಿದೆ. ಕಲಿಕೆ ಎಷ್ಟೇ ಇರಲಿ, ಆ ಕ್ಷಣದ ಧೈರ್ಯವೂ ಬೇಕು. ಧೈರ್ಯ ಎಷ್ಟೇ ಇರಲಿ, ಹಿಂದೆ ಕಲಿಕೆ ಇಲ್ಲದಿದ್ದರೆ ಅದು ಬರೀ ಕೂಗಾಟ. ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಆ ಹದಿನೈದು ನಿಮಿಷ ಸಾಕ್ಷಿ.

ತಂದೆ ತಾಯಂದಿರಿಗೆ ಮುದ್ರಿಕೆಯೂ ಬೇಕಿಲ್ಲ. ಮನೆಯಲ್ಲಿ ಐದಾರು ತಿಂಗಳ ಕೂಸಿದ್ದರೆ, ಬೆಳಗಿನ ಜಾವ ಅದು ಎಚ್ಚರಗೊಂಡು ತನ್ನಷ್ಟಕ್ಕೆ ಸದ್ದು ಮಾಡುತ್ತಾ ಮಲಗಿರುವಾಗ ಕೂಡಲೇ ಹೋಗಿ ಎತ್ತಿಕೊಳ್ಳದೆ ಎರಡು ನಿಮಿಷ ಕೇಳಿ ನೋಡಲಿ. ಏರು, ಇಳಿ, ಗುಳುಗುಳು, ಕೀರಲು ಎಲ್ಲವೂ ಅಲ್ಲಿರುತ್ತವೆ. ದೆಮೆತ್ರಿಯೋ ಸ್ಟ್ರಾಟೋಸ್ ತನ್ನ ಕೊನೆಯ ವರ್ಷಗಳನ್ನೆಲ್ಲ ಕೊಟ್ಟು ಹುಡುಕಿದ್ದು ಅದನ್ನೇ.